ಚಪ್ಪಲಿ ನೋಡಿ ಗಿರಾಕಿಯನ್ನು ಅರಿತ ಕಲ್ಲಯ್ಯನವರು

"ನಾ ಮೊದಲ ಮಾರಿ ನೋಡ್ತಿದ್ದಿಲ್ರಿ, ಚಪ್ಪಲಿ ನೋಡ್ತಿದ್ದೆ. ಖಡೇಬಜಾರದಾಗ ನಮ್ಮ ಸಾವಕಾರ್ರ ಅಂಗಡಿ ಅಂದ್ರ ಬಿಳೀ ಗಾದಿ ಹಾಸಿದ ಅಂಗಡಿ. ಯಾರ ಬಂದ್ರೂ ಹೊರಗ ಚಪ್ಪಲಿ ಬಿಟ್ಟ ಮ್ಯಾಲ ಹತ್ತಿ ಕುಂದರಬೇಕು. ಅವರು ಬಗ್ಗಿ ಚಪ್ಪಲಿ ಬಿಡೂದ್ರಾಗ ನನಗ ಅರ್ಧಾ ಗೊತ್ತಾಗಿರ್ತಿತ್ತು. ಕೆಂಪು ಮಣ್ಣು ಮೆತ್ತಿತ್ತಂದ್ರ ಖಾನಾಪುರ ಕಡಿಯವ್ರು, ಜಾಂಬೋಟಿ ಕಡಿಯವ್ರು. ಮುಂಜಾನಿ ಬಸ್ಸಿಗೆ ಬಂದಿರ್ತಾರ, ಮೂರರ ಬಸ್ಸಿಗೆ ಹೋಗಬೇಕು. ಅವರ ಮುಂದ ನೂರು ಸೀರಿ ಹಾಸಿದ್ರ ಗಾಬರಿ ಆಗ್ತಾರ, ಹತ್ತ ಹಾಸಬೇಕು. ಕರೀ ಮಣ್ಣು ಇತ್ತಂದ್ರ ಬೈಲಹೊಂಗಲ ಕಡಿಯವ್ರು. ಅವ್ರಿಗೆ ಪುರಸೊತ್ತು ಐತಿ, ಒಂದ ಸೀರಿ ಮೂರು ಸಲ ಬಿಚ್ಚಸ್ತಾರ. ಬಿಚ್ಚಬೇಕು, ಬ್ಯಾಸರ ಮಾಡ್ಕೊಬಾರ್ದು. ನಾಕು ಜೋಡಿ ಸವದ ಚಪ್ಪಲಿ ನಡುವ ಒಂದು ಜೋಡಿ ಹೊಸಾದು ಇತ್ತಂದ್ರ ಮದುವಿ ಜವಳಿ. ಹೊಸಾ ಚಪ್ಪಲಿಯಾಕಿ ಆಸಿ ಪಡ್ತಾಳ, ಆದ್ರ ಹೂಂ ಅನ್ನಾಕಿ ಎಲ್ಲಾರಕಿಂತ ಸವದ ಚಪ್ಪಲಿಯಾಕಿ. ಸೀರಿ ಆಕಿ ಮುಂದ ಹಾಸಬೇಕು. ಮತ್ತ 'ಏನು ಬೇಕ್ರಿ' ಅಂತ ನಾ ಯಾರಿಗೂ ಕೇಳಿದಾಂವಲ್ಲ. ಏನು ಬೇಕಂತ ಕೇಳಿದ್ರ ಗಿರಾಕಿ ಬಾಯಿಗೆ ಬಂದದ್ದು ಹೇಳ್ತಾನ. ಸುಳ್ಳಲ್ಲ, ಪಾಪ, ಅವಗ ಗೊತ್ತಿರೂದಿಲ್ಲ. 'ಯಾರಿಗ್ರಿ?' ಅಂತ ಕೇಳ್ತಿದ್ದೆ. ತಂಗಿಗೆ ಅಂತಾನ, ಅತ್ತಿಗೆ ಅಂತಾನ, ತೀರಿಹೋದ ಅವ್ವನ ಹೆಸರಿಲೆ ಉಡಿಸಬೇಕು ಅಂತಾನ. ಅಷ್ಟ ಕೇಳಿದ ಮ್ಯಾಲ ಯಾವ ಕಪಾಟಿಗೆ ಹೋಗಬೇಕು ಅನ್ನೂದು ನನಗ ಬ್ಯಾಡ, ನನ್ನ ಕೈಗೇ ಗೊತ್ತಾಗ್ತಿತ್ತು."

ಬೆಳಗಾವಿಯ ಶಹಾಪುರದ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಕಲ್ಲಯ್ಯನವರು ಹೀಗೆ ಹೇಳಿದ್ದು ಎರಡು ಸಾವಿರದ ಒಂದನೆಯ ಇಸವಿಯ ಮಳೆಗಾಲದಲ್ಲಿ. ಕೇಳುತ್ತಿದ್ದವರು ಮೂವರು: ಅವರ ಹೆಂಡತಿ ಶಿವಲಿಂಗವ್ವ, ನನ್ನ ತಮ್ಮನ ಮಗಳು ಪ್ರಮಿಳಾ, ಮತ್ತು ನಾನು. ಪ್ರಮಿಳಾ ಅವರ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದಳು. ನಾನು ಖಾನಾಪುರದ ಹತ್ತಿರದ ನಮ್ಮ ಹಳ್ಳಿಯಿಂದ ಕಣ್ಣಿನ ಪೊರೆ ತೆಗೆಸಲು ಬಂದು, ಒಂದು ಕಣ್ಣು ಮುಗಿಸಿಕೊಂಡು ಇನ್ನೊಂದರ ದಾರಿ ಕಾಯುತ್ತ ಅವಳಲ್ಲಿ ಉಳಿದಿದ್ದೆ. ಬಗ್ಗಬೇಡಿ, ಒಲೆ ಊದಬೇಡಿ, ಉಣ್ಣೆ ನೂಲಬೇಡಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಕಟ್ಟೆಯ ಮೇಲೆ ಕುಳಿತು ಕೇಳುವುದೇ ನನ್ನ ಕೆಲಸವಾಯಿತು. ಆ ನಾಲ್ಕೈದು ತಿಂಗಳಲ್ಲಿ ಕೇಳಿದ್ದನ್ನೂ ಕಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಕಲ್ಲಯ್ಯನವರು ಹುಟ್ಟಿದ್ದು ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ, ಅಯ್ಯನವರ ಮನೆತನದಲ್ಲಿ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟರು. ಹದಿನೈದಕ್ಕೆ ಬೆಳಗಾವಿಗೆ ಬಂದು ಬಟ್ಟೆಯ ಅಂಗಡಿಯಲ್ಲಿ ನಿಂತರು. ಮೊದಲ ಎರಡು ವರ್ಷ ಅವರಿಗೆ ಸೀರೆ ತೋರಿಸಲು ಕೊಡಲಿಲ್ಲವಂತೆ. ಗಿರಾಕಿ ಎದ್ದುಹೋದ ಮೇಲೆ ಬಿದ್ದ ರಾಶಿಯನ್ನು ಮಡಚಿಡುವುದಷ್ಟೇ ಕೆಲಸ. "ಕಲತದ್ದು ಅದರಾಗ" ಎನ್ನುತ್ತಿದ್ದರು. ಯಾವುದನ್ನು ಗಿರಾಕಿ ದೂರ ಸರಿಸಿದ್ದಾನೆ, ಯಾವುದರ ಸೆರಗು ಕೈ ಬೆವರಿಗೆ ನಸು ಮುದ್ದೆಯಾಗಿದೆ ಎಂದು ನೋಡುತ್ತ ಮಡಚಿದರಂತೆ. ಕೊಳ್ಳದೆ ಹೋದವರು ಏನನ್ನು ಕೊಳ್ಳಬೇಕೆಂದಿದ್ದರು ಎಂಬುದು ಆ ರಾಶಿಯಲ್ಲಿ ಅವರಿಗೆ ಕಾಣುತ್ತಿತ್ತು. ಮೂವತ್ತೆಂಟು ವರ್ಷ ಅದೇ ಗಾದಿಯ ಮೇಲೆ ಕುಳಿತರು. ಸಾವಕಾರರ ಮಕ್ಕಳು ಗಾದಿ ತೆಗೆಸಿ, ಗಾಜಿನ ಕೌಂಟರ್ ಇಟ್ಟು, ಗಿರಾಕಿಗೆ ಕುರ್ಚಿ ಹಾಕಿದ ಮೇಲೆ ಯಾರೂ ಚಪ್ಪಲಿ ಬಿಡಲಿಲ್ಲ. ಒಂದು ವರ್ಷ ನೋಡಿ, ನಮಸ್ಕಾರ ಹೇಳಿ ಮನೆಗೆ ಬಂದರು.

"ಮನಿಗೆ ಬಂದು ಏನ ಮಾಡ್ತಾರ ಕೇಳ್ರಿ ಮಾಯಕ್ಕಾರ" ಎಂದು ಶಿವಲಿಂಗವ್ವ ನನಗೆ ಹೇಳಿ ನಗುತ್ತಿದ್ದಳು. "ಬೀದ್ಯಾಗ ಹೋಗೂ ಮಂದಿ ಕಾಲ ನೋಡ್ಕೋತ ಕುಂದರ್ತಾರ. ನನ್ನ ಕಾಲಾಗ ಚಪ್ಪಲಿ ಹರದು ಆರು ತಿಂಗಳಾತು, ಅದೊಂದ ಕಾಣಂಗಿಲ್ಲ ಇವರಿಗೆ."

"ನೀ ಗಿರಾಕಿ ಅಲ್ಲಲ" ಎನ್ನುತ್ತಿದ್ದರು ಅವರು.

ಇನ್ನು ನಮ್ಮ ಮನೆಯ ಮಾತು. ನನ್ನ ತಮ್ಮ ಸತ್ಯಪ್ಪ ಕಂಬಳಿ ನೇಯುವವನು. ಕುರಿಯ ಕರಿ ಉಣ್ಣೆಯನ್ನು ನಾನು ನೂಲುತ್ತಿದ್ದೆ, ಅವನು ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಹುಣಸೆಬೀಜ ಕುದಿಸಿದ ಗಂಜಿ ಕುಡಿಸಿ ಬಿಸಿಲಿಗೆ ಹಾಕಿದರೆ ಆ ಕಂಬಳಿ ಮಳೆಗೂ ಜಗ್ಗುವುದಿಲ್ಲ. ಮೊದಲು ಜಾಂಬೋಟಿಯ ಗದ್ದೆಗಳಲ್ಲಿ ನಾಟಿ ಹಚ್ಚುವವರೆಲ್ಲ ತಲೆಯ ಮೇಲೆ ನಮ್ಮ ಕಂಬಳಿಯ ಕೊಪ್ಪೆಯನ್ನೇ ಹಾಕುತ್ತಿದ್ದರು. ಪ್ಲಾಸ್ಟಿಕ್ ಹಾಳೆ ಬಂದು ಕೊಪ್ಪೆ ಹೋಯಿತು, ಮಿಲ್ಲಿನ ಮೆತ್ತನೆಯ ರಗ್ಗು ಬಂದು ಹೊದಿಕೆ ಹೋಯಿತು. ಆ ವರ್ಷ ಹೋಳಿಹುಣ್ಣಿಮೆಯಿಂದ ನೇಯ್ದ ನಲವತ್ತೆರಡು ಕಂಬಳಿ ಅಟ್ಟದ ಮೇಲೆ ಬಿದ್ದಿದ್ದವು. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕಾವಲಿನ ಕೆಲಸ ಸಿಗುವ ಹಾಗಿತ್ತು. ಸತ್ಯಪ್ಪ ಮಗಳಿಗೆ ಒಂದೇ ಮಾತು ಹೇಳಿದ: "ದೀಪಾವಳಿ ಪಾಡ್ಯಾದ ತನಕ ನೋಡ್ತೀನಿ. ಆಮ್ಯಾಲ ಕುಣಿಗೆ ಮಣ್ಣು ತುಂಬಿ ಸಾರಸ್ತೀನಿ." ನಮ್ಮ ಓಣಿಯಲ್ಲಿ ಇನ್ನೆರಡು ಮನೆಗಳಲ್ಲಿ ಮಗ್ಗವಿತ್ತು. ಅವರೂ ಸತ್ಯಪ್ಪ ಏನು ಮಾಡುತ್ತಾನೆಂದು ನೋಡುತ್ತಿದ್ದರು. ಅವನು ಕುಣಿ ಮುಚ್ಚಿದರೆ ಮೂರೂ ಮುಚ್ಚಿದಂತೆ.

ಪ್ರಮಿಳಾ ಟಿಳಕವಾಡಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಲಗ್ನಪತ್ರಿಕೆ, ಪಾಂಪ್ಲೆಟ್ ಜೋಡಿಸುವ ಕೆಲಸದಲ್ಲಿದ್ದಳು. ಅಪ್ಪನ ಕಂಬಳಿಗಾಗಿ ಅವಳು ಒಂದು ವೆಬ್‌ಸೈಟ್ ಮಾಡಿದ್ದಳು. ಪುಣೆಯಲ್ಲಿದ್ದ ಅವಳ ಗೆಳತಿ ಶೀತಲ ಇಂಟರ್ನೆಟ್ಟಿನಲ್ಲಿ ಅದಕ್ಕೆ ಜಾಗ ಕೊಟ್ಟಿದ್ದಳು. "ಅತ್ತಿ, ಇದು ಅಂಗಡಿ ಇದ್ದಂಗ. ಅಮೇರಿಕಾದವರೂ ಬಂದು ನೋಡಬಹುದು" ಎಂದು ನನಗೆ ಹೇಳಿದ್ದಳು. ನಮ್ಮ ಪಡಸಾಲೆಯ ಕಂಬಳಿಯನ್ನು ಅಮೇರಿಕಾದವರು ಹೇಗೆ ನೋಡುತ್ತಾರೆ ಎಂದು ನಾನು ಕೇಳಲಿಲ್ಲ. ಅವಳು ಹೇಳಿದ ಮೇಲೆ ನೋಡುತ್ತಾರೆ ಎಂದುಕೊಂಡೆ.

ಜುಲೈ ತಿಂಗಳ ಒಂದು ಸಂಜೆ ಅವಳು ಉದ್ದನೆಯ ಹಾಳೆಯೊಂದನ್ನು ಹಿಡಿದು ಬಂದಳು. ಮುಖ ಸಣ್ಣದಾಗಿತ್ತು.

"ಅತ್ತಿ, ಒಂದು ತಿಂಗಳದಾಗ ನಾಕನೂರಾ ಹನ್ನೆರಡು ಮಂದಿ ಬಂದಾರ. ಒಂದೂ ಮಾರಿಲ್ಲ."

ಕಟ್ಟೆಯ ಆ ತುದಿಯಲ್ಲಿ ಕಲ್ಲಯ್ಯನವರು ಓದುತ್ತಿದ್ದ ಪೇಪರು ಕೆಳಗಿಳಿಯಿತು.

"ನಾಕನೂರು ಮಂದಿ ಬಂದು ಒಬ್ರೂ ತಗೊಳ್ಳದ ಹೋದ್ರಾ? ಎಲ್ಲಿ ಐತಿ ತಂಗಿ ಆ ಅಂಗಡಿ?"

ಪ್ರಮಿಳಾ ಹೇಳಿದಳು. ಅಂಗಡಿಗೆ ಗೋಡೆ ಇಲ್ಲ, ಬಾಗಿಲಿಲ್ಲ, ಬಂದವರು ಕಣ್ಣಿಗೆ ಕಾಣುವುದಿಲ್ಲ. ಕಲ್ಲಯ್ಯನವರು ತಲೆ ಅಲ್ಲಾಡಿಸುತ್ತ ಕೇಳಿದರು. ಕೊನೆಗೆ, "ಕಾಣೂದಿಲ್ಲ ಅಂದ್ರ ಬಂದದ್ದು ನಿನಗ ಹೆಂಗ ಗೊತ್ತು?" ಎಂದರು.

"ಈ ಹಾಳ್ಯಾಗ ಇರ್ತೈತ್ರಿ ಅಜ್ಜಾರ. ಎಷ್ಟು ಹೊತ್ತಿಗೆ ಬಂದ್ರು, ಯಾವ ಊರಕಡಿಂದ ಬಂದ್ರು, ಏನು ಹುಡುಕ್ಕೋತ ಬಂದ್ರು, ಯಾವ ಪುಟಾ ನೋಡಿದ್ರು, ಎಲ್ಲಿಂದ ಹೊಳ್ಳಿ ಹೋದ್ರು. ಮಾರಿ ಇಲ್ಲ, ಹೆಸರಿಲ್ಲ."

ಅವರು ಕನ್ನಡಕ ತೆಗೆದು ಧೋತರದ ಚುಂಗಿಗೆ ಒರೆಸಿದರು. ಒರೆಸುತ್ತಲೇ ಇದ್ದರು.

"ಯವ್ವಾ ತಂಗಿ" ಎಂದರು ಆಮೇಲೆ, ಗುಡಿಯಲ್ಲಿ ಮಾತಾಡಿದ ಹಾಗೆ ಮೆಲ್ಲಗೆ. "ಹಂಗಾರ ಅವ್ರೆಲ್ಲಾ ಚಪ್ಪಲಿ ಬಿಟ್ಟ ಒಳಗ ಹೋಗ್ಯಾರಲ್ಲ. ನಾಕನೂರಾ ಹನ್ನೆರಡು ಜೋಡಿ ಚಪ್ಪಲಿ ಐತಿ ನಿನ್ನ ಕೈಯಾಗ. ನೀ ಅದನ್ನ ಮಡಚಿಕೊಂಡು ಅಳೂ ಮಾರಿ ಮಾಡ್ಕೊಂಡು ಬಂದೀ!"

ಆ ಹಾಳೆ ಬರೀ ರದ್ದಿಯೆಂದೇ ನಾನೂ ಎಣಿಸಿದ್ದೆ.

ಮುಂದಿನ ಭಾನುವಾರ ಕಲ್ಲಯ್ಯನವರು, ಪ್ರಮಿಳಾ, ನಾನು ಮೂವರೂ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಲ್ಲಿ ಧೂಳು ಬರಬಾರದೆಂದು ಚಪ್ಪಲಿ ಹೊರಗೆ ಬಿಡಬೇಕಿತ್ತು. ಕಲ್ಲಯ್ಯನವರಿಗೆ ಅದೇ ದೊಡ್ಡ ಸಮಾಧಾನ. ಫೋನಿನ ತಂತಿಯೊಳಗಿಂದ ಕೀರಲು ಸದ್ದು ಬಂತು, ನಿಂತಿತು. ಗಾಜಿನ ಮೇಲೆ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಒಂದು ಚಿತ್ರ ಇಳಿಯತೊಡಗಿತು. ಉಸಿರು ಹಿಡಿದು ನೋಡಿದೆವು. ಕೊನೆಗೆ ಕರಿಯ ಚೌಕ ಒಂದು ಬಂದು ಕುಳಿತಿತು.

"ಇದೇನು?" ಎಂದರು ಕಲ್ಲಯ್ಯನವರು.

"ಕಂಬಳಿ ರೀ."

"ಇದು ಸಾಲಿ ಪಾಟಿ ಐತಿ ತಂಗಿ. ಬಳಪ ಎಲ್ಲೈತಿ?"

ಪ್ರಮಿಳಾಳ ಮುಖ ಕೆಂಪಾಯಿತು. ಆ ವೆಬ್‌ಸೈಟಿನಲ್ಲಿ ಬಂದವರು ನಾಲ್ಕು ಮಾತು ಬರೆದುಹೋಗಲು ಒಂದು ಪುಟವಿತ್ತು. ಮುಂಬೈಯ ಒಬ್ಬರು ಅದರಲ್ಲಿ, ಇದು ನೆಲಕ್ಕೆ ಹಾಕುವ ಫರ್ಸಿ ಕಲ್ಲೇ, ಎಷ್ಟು ದಪ್ಪ ಎಂದು ಕೇಳಿದ್ದರು.

ತಪ್ಪು ನಮ್ಮದೇ. ಮಗ್ಗದಿಂದ ಇಳಿದ ಕಂಬಳಿಯನ್ನು ನಮ್ಮ ಮನೆಗಳಲ್ಲಿ ಎಂಟು ಮಡಿಕೆ ಹಾಕಿ, ಭಂಡಾರದ ಅರಿಶಿನ ಹಚ್ಚಿ ಇಡುತ್ತೇವೆ. ಆ ಮಡಿಕೆ ಬಿಚ್ಚುವುದು ಹೊದೆಯುವವನ ಕೈ. ಸಂತೆಯಲ್ಲೂ ಗಿರಾಕಿ ಅಂಚು ತಿಕ್ಕಿ, ಮೂಸಿ, ತೂಕ ನೋಡಿ ಕೊಳ್ಳುತ್ತಾನೆಯೇ ಹೊರತು ಬಿಚ್ಚುವುದಿಲ್ಲ, ಬಿಚ್ಚಿದರೆ ಅವನದಾಯಿತು. ಫೋಟೋಕ್ಕೆಂದು ಬಿಚ್ಚಲು ಸತ್ಯಪ್ಪ ಒಪ್ಪಿರಲಿಲ್ಲ, ಬಿಚ್ಚಿರೆಂದು ಕೇಳಲು ಪ್ರಮಿಳಾಗೂ ಮನಸ್ಸು ಬಂದಿರಲಿಲ್ಲ. ಮುಟ್ಟಲು, ಮೂಸಲು ಆಗದ ಕಡೆ ಮಡಿಕೆಯನ್ನಷ್ಟೇ ತೋರಿಸಿದರೆ ಏನು ಕಂಡೀತು ಎಂದು ನಮಗಾರಿಗೂ ಹೊಳೆದಿರಲಿಲ್ಲ.

ಕಲ್ಲಯ್ಯನವರಿಗೂ ಎಲ್ಲವೂ ಒಮ್ಮೆಲೇ ಹೊಳೆಯಿತು ಎಂದು ಹೇಳಿದರೆ ಸುಳ್ಳಾದೀತು. ಅವರ ಜನ್ಮ ಸೀರೆಯ ಅಂಗಡಿಯಲ್ಲಿ ಕಳೆದಿತ್ತು. ಕೊಳ್ಳುವವರು ಹೆಣ್ಣುಮಕ್ಕಳೇ ಎಂದು ಹಟ ಹಿಡಿದರು. ಬಣ್ಣದ ಅಂಚಿನ ನಾಲ್ಕು ಕಂಬಳಿಗಳನ್ನು ಮುಂದೆ ಹಾಕಿಸಿದರು, ಮನೆಯ ಅಂದಕ್ಕೆ, ಸೋಫಾದ ಮೇಲೆ ಹೊದಿಸಲು ಎಂದು ಬರೆಸಿದರು. ಆಗಸ್ಟ್ ತಿಂಗಳು ಅದರಲ್ಲಿ ಹೋಯಿತು. ಹೊಸ ಹಾಳೆ ಬಂದಾಗ ಬಂದವರ ಸಂಖ್ಯೆ ಅರ್ಧಕ್ಕೆ ಇಳಿದಿತ್ತು. ದೀಪಾವಳಿಗೆ ಎರಡೂವರೆ ತಿಂಗಳು ಉಳಿದಿತ್ತು.

"ಮೂವತ್ತೆಂಟು ವರ್ಷ ಕುಂತು ಕಲತಾಂವ ನಾ. ಬಂದವರ ಕಾಲ ನೋಡದ, ನನ್ನ ಹಳೇ ಗಿರಾಕಿನ್ನ ನೋಡಿ ಹೇಳಿಬಿಟ್ಟೆ" ಎಂದರು. ಅಷ್ಟು ಹಿರಿಯರು ಆ ಸಣ್ಣ ಹುಡುಗಿಯ ಮುಂದೆ ಹಾಗೆ ಹೇಳಿದ್ದು ಕೇಳಿ ಶಿವಲಿಂಗವ್ವ ಕೂಡ ಅಂದು ಚೇಷ್ಟೆ ಮಾಡಲಿಲ್ಲ.

ಆಮೇಲೆ ಎರಡೂ ಹಾಳೆಗಳನ್ನು ಕಟ್ಟೆಯ ಮೇಲೆ ಹಾಸಿ, ಮೂಲೆಗೊಂದು ಕಲ್ಲು ಇಟ್ಟು, ಮೂರು ದಿನ ಕುಳಿತರು. ಇಂಗ್ಲಿಷ್ ಅವರಿಗೆ ಬಾರದು. ಪ್ರಮಿಳಾ ಓದುತ್ತಿದ್ದಳು, ಅವರು ಬೆರಳು ಮಡಚುತ್ತಿದ್ದರು.

"ಅಮೇರಿಕಾ?"

"ಅರವತ್ತು ಮಂದಿರಿ. ಆದ್ರ ಎಲ್ಲಾರೂ ಮೊದಲನೇ ಪುಟದಿಂದ ಹೊಳ್ಳಿ ಹೋಗ್ಯಾರ."

"ಅವರು ದಾರಿ ತಪ್ಪಿ ಬಂದವರು. ಬಾಗಲದಾಗ ಇಣುಕಿ ಹೋದವರು. ಬಿಡು. ಅಳತಿ ಬರದ ಪುಟದ ತನಕ ಹೋದವರು ಯಾರು?"

"ಪುಣೆ, ಮುಂಬೈ, ಸೋಲಾಪುರ. ಒಂದೀಟು ಬೆಂಗಳೂರು, ಹುಬ್ಬಳ್ಳಿ."

"ಎಷ್ಟು ಹೊತ್ತಿಗೆ?"

"ಹನ್ನೊಂದರಿಂದ ಒಂದರತನಕ. ಮತ್ತ ಮೂರರಿಂದ ಐದು."

"ಭಾನುವಾರ?"

ಪ್ರಮಿಳಾ ಹುಡುಕಿದಳು. ಭಾನುವಾರದ ಮುಂದೆ ಏನೂ ಇರಲಿಲ್ಲ. ಅದರ ಮುಂದಿನ ಭಾನುವಾರಕ್ಕೂ ಇರಲಿಲ್ಲ.

"ಭಾನುವಾರ ಅಂಗಡಿ ಖಾಲಿ ಅಂದ್ರ ಏನವಾ? ನಮ್ಮಲ್ಲೆ ಆವತ್ತ ಕಾಲಿಡಾಕ ಜಾಗಾ ಇರ್ತಿದ್ದಿಲ್ಲ."

"ಮನ್ಯಾಗ ಯಾರ ಕಡೆ ಕಂಪ್ಯೂಟರ್ ಐತ್ರಿ ಅಜ್ಜಾರ? ಎಲ್ಲಾರೂ ಆಫೀಸಿನ್ಯಾಗ ನೋಡ್ತಾರ" ಎಂದವಳು, ತಾನು ಹೇಳಿದ್ದನ್ನು ತಾನೇ ಕೇಳಿ ಹಾಳೆಯಿಂದ ತಲೆ ಎತ್ತಿದಳು.

"ನೌಕರಿಯವ್ರು" ಎಂದರು ಕಲ್ಲಯ್ಯನವರು. "ಏನಂತ ಹುಡುಕ್ಕೋತ ಬಂದಾರ?"

ಪ್ರಮಿಳಾ ಓದಿದಳು. ಬೆಚ್ಚಗಿನ ಹೊದಿಕೆ ಎಂದು ಹುಡುಕಿದವರು ಮೂವರೋ ನಾಲ್ವರೋ. ಉಳಿದವರೆಲ್ಲ ಬರೆದದ್ದು ಕಂಬಳಿ, ಘೊಂಗಡಿ. ನಮ್ಮ ಮಾತಿನ ಹೆಸರು, ಮರಾಠಿಯವರ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ. ಪ್ರಮಿಳಾ ಪುಟದ ತಳದಲ್ಲಿ ಸಣ್ಣದಾಗಿ ಒಂದೇ ಕಡೆ ಆ ಎರಡು ಹೆಸರು ಬರೆದಿದ್ದಳಂತೆ. ಆ ಸಣ್ಣ ಸಾಲನ್ನು ಹಿಡಿದು ಅಷ್ಟೊಂದು ಜನ ನಮ್ಮ ಮನೆಯ ಮಗ್ಗದ ತನಕ ಬಂದಿದ್ದರು.

"ಇವ್ರಿಗೆ ಕಂಬಳಿ ಅಂದ್ರ ಏನಂತ ನೀ ಹೇಳೂದು ಬ್ಯಾಡ" ಎಂದರು ಅವರು. "ಇವ್ರು ಅದರ ಮ್ಯಾಲ ಹುಟ್ಟಿದವ್ರು. ಈಗ ಪ್ಯಾಂಟ್ ಹಾಕ್ಕೊಂಡು ಆಫೀಸಿನ್ಯಾಗ ಕುಂತಾರ. ಆದ್ರ ತಮಗ ಹೊದಿಯಾಕ ಅಂತೂ ಅಲ್ಲ, ರಗ್ಗು ಐತಿ ಅವರ ಕಡೆ. ಹಂಗಾರ ಯಾರಿಗೆ? ಅದ ನನಗೂ ತಿಳಿವಲ್ದು. ಕೇಳಬೇಕು."

"ಕಾಣದವ್ರಿಗೆ ಹೆಂಗ ಕೇಳೂದ್ರಿ?"

"ಬರದು ಹೋಗ್ಯಾರಲ್ಲ ನಿನ್ನ ಪುಟದಾಗ. ಅವರ ವಿಳಾಸ ಐತೇನಿಲ್ಲ?"

ಮೂವತ್ತೊಂದು ಜನರ ಇ-ಮೇಲ್ ವಿಳಾಸವಿತ್ತು. ಅವರಿಗೆಲ್ಲ ಪ್ರಮಿಳಾ ಕಾಗದ ಬರೆದಳು. ಕೊಳ್ಳಿರಿ ಎನ್ನಲಿಲ್ಲ, ಕಡಿಮೆಗೆ ಕೊಡುತ್ತೇವೆ ಎನ್ನಲಿಲ್ಲ. ಕಲ್ಲಯ್ಯನವರು ಹೇಳಿದಂತೆ ಎರಡೇ ಸಾಲು: ನೀವು ನಮ್ಮ ಅಂಗಡಿಗೆ ಬಂದು ಹೋದಿರಿ, ಸಂತೋಷವಾಯಿತು. ಕಂಬಳಿ ಯಾರಿಗೆ ಬೇಕಾಗಿತ್ತು?

ಎರಡು ವಾರದಲ್ಲಿ ಹತ್ತೊಂಬತ್ತು ಉತ್ತರ ಬಂದವು. ದಿನಾ ಸಂಜೆ ಅವಳು ಅಚ್ಚು ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಕನ್ನಡ ಮಾಡಿ ಓದುತ್ತಿದ್ದಳು. ನಾನು ಸಾಲೆ ಕಲಿತವಳಲ್ಲ, ಓದು ಬರಹ ಮುಪ್ಪಿನಲ್ಲಿ ಒಂದಿಷ್ಟು ಕೂಡಿಸಿಕೊಂಡದ್ದು. ಕಾಗದದಲ್ಲಿ ಮನುಷ್ಯರು ಇಷ್ಟು ಹತ್ತಿರ ಬಂದು ಕೂರುತ್ತಾರೆಂದು ಆವರೆಗೆ ಗೊತ್ತಿರಲಿಲ್ಲ. ಪುಣೆಯ ಒಬ್ಬರು ಬರೆದಿದ್ದರು: ನಮ್ಮ ತಂದೆಗೆ. ವಯಸ್ಸಿನಲ್ಲಿ ಕುರಿ ಕಾದವರು. ಈಗ ನನ್ನ ಜೊತೆ ಮೂರನೆಯ ಮಾಳಿಗೆಯಲ್ಲಿ ಇದ್ದಾರೆ. ಸ್ಪ್ರಿಂಗಿನ ಗಾದಿಯ ಮೇಲೆ ನಿದ್ದೆ ಬರುವುದಿಲ್ಲವೆಂದು ಬರೀ ಫರ್ಸಿಯ ಮೇಲೆ ಮಲಗುತ್ತಾರೆ, ನೋಡಲಾಗುವುದಿಲ್ಲ. ಸೋಲಾಪುರದ ಬ್ಯಾಂಕಿನ ಒಬ್ಬರು: ದೇವರ ಮುಂದೆ ಹಾಸುವ ಕಂಬಳಿಯನ್ನು ನುಸಿ ತಿಂದಿದೆ, ಹೊಸದು ತರುವವರೆಗೆ ಅವ್ವ ಮನೆದೇವರ ಪೂಜೆ ಮಾಡಿಸುತ್ತಿಲ್ಲ. ಹುಬ್ಬಳ್ಳಿಯ ಒಬ್ಬ ಮಾಸ್ತರರು: ಸೊಸೆಯ ಬಾಣಂತನ. ನಡ ಕಟ್ಟಿ ಮಲಗಿಸಲು ಹುಣಸೆಬೀಜದ ಗಂಜಿ ಕುಡಿಸಿದ್ದೇ ಬೇಕೆಂದು ಹೆಂಡತಿಯ ಹಟ.

ತಮಗೆ ಬೇಕೆಂದು ಬರೆದವರು ಇಬ್ಬರೇ. ಕುಳಿತು ಧ್ಯಾನ ಮಾಡಲು ಸಣ್ಣದೊಂದು ಸಿಕ್ಕೀತೇ ಎಂದು ಅವರು ಕೇಳಿದ್ದರು. ಹತ್ತೊಂಬತ್ತರಲ್ಲಿ ಹದಿನೇಳು ಕಂಬಳಿ ಮನೆಯ ಹಿರಿಯರಿಗೆ, ಬಾಣಂತಿಗೆ, ದೇವರಿಗೆ.

"ನೋಡಿದೇನು" ಎಂದರು ಕಲ್ಲಯ್ಯನವರು. "ಬಂದಾಂವ ಒಬ್ಬ, ಹೊದಿಯಾವ್ರು ಇನ್ನೊಬ್ರು. ಎಲ್ಲಾರೂ ತಿರುಗಿ ತಿರುಗಿ ಒಂದ ಕೇಳ್ತಾರ: ಇದು ಖರೇನ ಆ ಕಂಬಳಿನ? ನಮ್ಮ ಅಪ್ಪನ ಮುಂದ ಇಟ್ರ ಹೌದು ಅಂತಾನ? ನೀ ಹೊಸಾದು ಮಡಚಿಟ್ಟು ತೋರಿಸಿದ್ರ ಅವರು ಹೆಂಗ ನಂಬಬೇಕು? ಬಿಚ್ಚಬೇಕು ತಂಗಿ."

ಬಿಚ್ಚುವುದಕ್ಕಾಗಿ ನಾವು ಊರಿಗೆ ಹೋದೆವು. ಸೆಪ್ಟೆಂಬರಿನ ಮೋಡದ ದಿನ. ದೇಸೂರಿನಲ್ಲಿ ರೈಲು ಬಹಳ ಹೊತ್ತು ನಿಂತಾಗ ಕಲ್ಲಯ್ಯನವರು ಸ್ಟೇಶನ್ನಿನ ಫಲಾಟಿಗೆ ಇಳಿದು ಹತ್ತುವ ಇಳಿಯುವ ಕಾಲುಗಳನ್ನು ನೋಡುತ್ತ ನಿಂತರು. ಗಾಡಿ ಬಿಟ್ಟೀತೆಂದು ಪ್ರಮಿಳಾ ಕೂಗಿ ಹತ್ತಿಸಿದಳು.

ಸತ್ಯಪ್ಪ ಮಣೆ ಹಾಕಿ, ನೀರು ಕೊಟ್ಟು, ಎಲ್ಲ ಕೇಳಿ, ಆಗುವುದಿಲ್ಲ ಎಂದ.

"ಹೊದಿಯಾವ ಬಿಚ್ಚಬೇಕ್ರಿ ಅಯ್ಯಾರ. ನಮ್ಮಪ್ಪ ಬಿಚ್ಚಿಲ್ಲ, ಅವರಪ್ಪ ಬಿಚ್ಚಿಲ್ಲ. ಅಷ್ಟಾತಂದ್ರ ಮಾರೂದ ಬ್ಯಾಡ. ಹೆಂಗೂ ಪಾಡ್ಯಾ ಬಂತು."

"ಯಪ್ಪಾ, ನೀ ಪಾಡ್ಯಾದ್ದ ದಾರಿ ಕಾಯಾಕತ್ತಿ" ಎಂದಳು ಪ್ರಮಿಳಾ.

"ಕಾಯಾಕತ್ತಿಲ್ಲವಾ, ಅಂಜಾಕತ್ತೀನಿ."

ಅವನ ಬಾಯಿಂದ ಆ ಮಾತನ್ನು ನಾನು ಎಂದೂ ಕೇಳಿರಲಿಲ್ಲ. ಕಲ್ಲಯ್ಯನವರು ಮಗ್ಗದ ಕುಣಿಯ ಅಂಚಿಗೆ ಹೋಗಿ ಕುಳಿತರು. ಅಲ್ಲಿ ಸತ್ಯಪ್ಪ ತಾನು ಕೂರಲು ಹಾಕಿಕೊಂಡಿದ್ದ ಹಳೆಯ ಕಂಬಳಿಯನ್ನು ಕೈಯಿಂದ ಸವರಿದರು. ಸವರಿ, ಎತ್ತಿ, ಕೆನ್ನೆಗೆ ಹಚ್ಚಿಕೊಂಡರು.

"ಇದು ಯಾರ್ದು?"

"ನನ್ನದ್ರಿ. ನನ್ನ ಲಗ್ನದಾಗ ನಮ್ಮಪ್ಪ ನೇಯ್ದು ಹೊಚ್ಚಿದ್ದು. ಮೂವತ್ತು ವರ್ಷ ಆತು."

"ಇದರ ಮಡಿಕಿ ಯಾವಾಗೋ ಬಿಚ್ಚೀದಿ."

"ಹೌದ್ರಿ."

"ಹಂಗಾರ ಇದನ್ನ ಹಾಸಿ ಫೋಟೋ ತಗಿಸೂಣು."

ಸತ್ಯಪ್ಪ ನಗುವುದೋ ಸಿಟ್ಟಾಗುವುದೋ ತಿಳಿಯದೆ ನನ್ನ ಮುಖ ನೋಡಿದ. "ಯಕ್ಕಾ, ಇವರು ಚ್ಯಾಷ್ಟಿ ಮಾಡಾಕತ್ತಾರೇನ? ಹರಕ ಅರಿವಿ ತೋರಿಸಿ ಹೊಸಾದು ಮಾರ್ತಾರೇನು?"

"ಸೀರ್ಯಾಗಾದ್ರ ಮಾರೂದಿಲ್ಲೋ ಸತ್ಯಪ್ಪಾ" ಎಂದರು ಕಲ್ಲಯ್ಯನವರು. "ಇಲ್ಲಿ ಮಾರ್ತೈತಿ. ಆ ಪುಣೇದಾಂವ ತಮ್ಮಪ್ಪಗ ಕಂಪ್ಯೂಟರಿನ್ಯಾಗ ತೋರಸ್ತಾನ ತಿಳಿ. ಆ ಮುದುಕ ಹೊಸಾದು ನೋಡಿದ್ರ ಸುಮ್ನಿರ್ತಾನ. ಇದನ್ನ ನೋಡಿದ್ರ ಕೈ ಮುಂದ ಮಾಡ್ತಾನ."

ಅಂಗಳದಲ್ಲಿ ಸೆಗಣಿ ಸಾರಿಸಿದ ನೆಲದ ಮೇಲೆ ಆ ಕಂಬಳಿಯನ್ನು ಹಾಸಿದರು. ಮೋಡ ಸರಿದು ಒಂದು ಗಳಿಗೆ ಬಿಸಿಲು ಬಿತ್ತು. ನಡುವೆ ಕೂತು ಕೂತು ನುಣುಪಾದ ಜಾಗ, ಅಂಚಿನಲ್ಲಿ ನಾನು ಹಾಕಿದ ಹೊಲಿಗೆ, ಕರಿಯ ಬಣ್ಣ ಕಂದಿ ಜೇನಿನ ಬಣ್ಣಕ್ಕೆ ಬಂದದ್ದು, ಎಲ್ಲ ಕಂಡವು. ದಿನಾ ನೋಡುತ್ತಿದ್ದ ಆ ಹಾಸಿಗೆ ಅಷ್ಟು ಚೆಂದವಿದೆ ಎಂದು ನನ್ನ ಹೊಸ ಕಣ್ಣಿಗೆ ಅಂದು ಕಂಡಿತು. ಪ್ರಮಿಳಾ ತಂದಿದ್ದ ಕ್ಯಾಮೆರಾದ ರೀಲು ಮುಗಿಯುವ ತನಕ ತೆಗೆದಳು.

ಹೊಸ ಪುಟ ತಯಾರಾಯಿತು. ಹಿಮದಲ್ಲೂ ಬೆಚ್ಚಗಿಡುತ್ತದೆ ಎಂದು ಅಮೇರಿಕಾದವರಿಗಾಗಿ ಮೊದಲು ಇಂಗ್ಲಿಷಿನಲ್ಲಿ ಬರೆದಿದ್ದ ಮಾತು ಹೋಯಿತು. ಕನ್ನಡ, ಮರಾಠಿ ಅಕ್ಷರ ಎಲ್ಲರ ಕಂಪ್ಯೂಟರಿನಲ್ಲಿ ಮೂಡುವುದಿಲ್ಲವೆಂದು ಅವಳು ಆ ಸಾಲುಗಳನ್ನು ಚಿತ್ರ ಮಾಡಿ ಕೂರಿಸಿದಳು. ಮೇಲೆ ಸತ್ಯಪ್ಪನ ಮೂವತ್ತು ವರ್ಷದ ಕಂಬಳಿ, ಅದರ ಕೆಳಗೆ "ಯಾರಿಗೆ?" ಎಂಬ ಒಂದೇ ಮಾತು. ಅಪ್ಪ ಅವ್ವನಿಗೆ ಎಂದು ಒತ್ತಿದರೆ ಒಂದು ಪುಟ, ಬಾಣಂತಿಗೆ ಎಂದರೆ ಇನ್ನೊಂದು, ದೇವರ ಮುಂದೆ ಹಾಸಲು, ಕುಳಿತುಕೊಳ್ಳಲು. ಹೊಸ ಕಂಬಳಿ ಮಡಿಕೆಯಲ್ಲೇ ಬರುತ್ತದೆ, ಬಿಚ್ಚುವ ಕೈ ಅವರದೇ ಇರಲಿ ಎಂದೂ ಬರೆದಳು. ಆ ಮಾತು ಸತ್ಯಪ್ಪ ಹೇಳಿಕಳಿಸಿದ್ದು. ಕೇಳಿದವರಿಗೆ ಅಂಚೆಯಲ್ಲಿ, ದುಡ್ಡು ಕೊಟ್ಟು ಬಿಡಿಸಿಕೊಳ್ಳುವಂತೆ ವಿ.ಪಿ. ಮಾಡಿ ಕಳಿಸುವುದೆಂದಾಯಿತು.

ಮೊದಲ ಕಂಬಳಿ ಪುಣೆಗೆ ಹೋಯಿತು, ಮೂರನೆಯ ಮಾಳಿಗೆಗೆ. ದಸರೆಯ ಹೊತ್ತಿಗೆ ಒಂಬತ್ತು ಹೋದವು. ಆಮೇಲೆ ಒಂದು ವಾರ ಏನೂ ಇಲ್ಲ. ನಾನು ರಾತ್ರಿಯೂಟ ಬಿಟ್ಟೆ, ಶಿವಲಿಂಗವ್ವ ಬೈದು ಉಣಿಸಿದಳು. ಅಷ್ಟರಲ್ಲಿ ಪುಣೆಯವರು ತಮ್ಮ ಆಫೀಸಿನಲ್ಲಿ ಹೇಳಿದ್ದರಂತೆ, ಅಲ್ಲಿಂದಲೇ ಐವರು ಬಂದರು. ಕಲ್ಲಯ್ಯನವರು ಹಾಳೆಯಲ್ಲಿ ಅದನ್ನು ಮೊದಲೇ ಹಿಡಿದಿದ್ದರು. "ಒಂದ ಕಡಿಂದ, ಒಂದ ದಿನ, ಊಟದ ಹೊತ್ತಿಗೆ ಐದು ಜೋಡಿ. ಒಬ್ಬರಿಗೊಬ್ರು ಹೇಳ್ಯಾರ ನೋಡು" ಎಂದರು. ಕಾಗದ ಆಮೇಲೆ ಬಂತು. ಅವರ ಹಿಂದೆಯೇ ಇನ್ನೂ ಹನ್ನೊಂದು ಹೋದವು. ಕಾಣದ ಜನರನ್ನು ಅವರು ಕಾಣುವ ಬಗೆಗೆ ನಾನು ಬೆರಗಾಗಿ ಕೂತುಬಿಟ್ಟೆ. ನಾನು ನೂಲಿದ ನೂಲಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಎಲ್ಲಿಯೋ ಮಾಳಿಗೆಯ ಮೇಲಿನ ಮುದುಕನೊಬ್ಬನ ಬೆನ್ನ ಕೆಳಗೆ.

ದೀಪಾವಳಿಗೆ ನಾಲ್ಕು ದಿನ ಇದ್ದಾಗ ಸತ್ಯಪ್ಪ ಬೆಳಗಾವಿಗೆ ಬಂದ. ಫೌಂಡ್ರಿಯವರಿಗೆ ಅಂದು ಹೂಂ ಅಥವಾ ಊಹೂಂ ಹೇಳಬೇಕಿತ್ತು. ಅಟ್ಟದ ಮೇಲೆ ಇನ್ನೂ ಹದಿನೇಳು ಕಂಬಳಿ ಉಳಿದಿದ್ದವು. ಅವನು ಕಟ್ಟೆಯ ಮೇಲೆ ಕುಳಿತು ಟೋಪಿ ತಿರುವುತ್ತಿದ್ದ.

"ಇಪ್ಪತ್ತೈದು ಹೋಗಿದ್ದು ಸಣ್ಣ ಮಾತಲ್ರಿ ಅಯ್ಯಾರ. ಆದ್ರ ಇವು ಇದ್ದದ್ದು ಖರ್ಚಾದ್ರ ಆತು. ಹೊಸಾದು ನೇಯಿ ಅಂತ ಯಾರೂ ಹೇಳಿಲ್ಲ. ಮಗ್ಗ ಯಾತಕ್ಕ ಇಡ್ಲಿ?"

ಪ್ರಮಿಳಾ ಮಧ್ಯಾಹ್ನದ ಊಟಕ್ಕೆ ಬಂದವಳು ಚೀಲದಿಂದ ಕಾಗದ ತೆಗೆದಳು. ನಾಸಿಕದ ಒಂದು ಯೋಗದ ಶಾಲೆಯದು. ನಮ್ಮ ಪುಟದಲ್ಲಿ "ಕುಳಿತುಕೊಳ್ಳಲು" ಎಂಬುದನ್ನು ಒತ್ತಿ ಬಂದವರು. ಎರಡು ಮೊಳದ ಚೌಕ, ಇನ್ನೂರು ಬೇಕು. ಬಣ್ಣ ಹಾಕದ ಕರಿ ಉಣ್ಣೆ, ಹುಣಸೆಗಂಜಿ. ಶಿವರಾತ್ರಿಗೆ ಮುಟ್ಟಬೇಕು. ಅಂಥ ಅಳತೆಯದು ಅಟ್ಟದ ಮೇಲೆ ಒಂದೂ ಇರಲಿಲ್ಲ.

ಸತ್ಯಪ್ಪ ಎರಡು ಸಲ ಓದಿಸಿದ. ಬೆರಳು ಮಡಚಿ ಲೆಕ್ಕ ಹಾಕಿದ. "ನಾ ಒಬ್ಬಾವ್ನ ಕೈಲೆ ಆಗಂಗಿಲ್ಲ. ಮೂರೂ ಮಗ್ಗ ನಡದ್ರ ಆಗ್ತೈತಿ" ಎಂದ. ನನ್ನ ಕಡೆ ತಿರುಗಿ, "ಯಕ್ಕಾ, ನಿನ್ನ ಇನ್ನೊಂದು ಕಣ್ಣು ಯಾವಾಗ?" ಎಂದ.

"ಆ ಕಣ್ಣು ತಡೀತೈತಿ. ನೂಲಾಕ ಇದೊಂದ ಸಾಕು" ಎಂದೆ.

ಟೋಪಿ ತಲೆಯ ಮೇಲೆ ಹಾಕಿಕೊಂಡು ಎದ್ದ. ಉದ್ಯಮಬಾಗದ ಫೌಂಡ್ರಿಗೆ ಹೋಗಿ, ಕೆಲಸಕ್ಕೆ ಬರುವುದಿಲ್ಲವೆಂದು ಹೇಳಿ, ಅಲ್ಲಿಂದಲೇ ಖಾನಾಪುರದ ಬಸ್ಸು ಹಿಡಿಯುತ್ತೇನೆ, ಹುಣಸೆಬೀಜ ನೆನೆ ಹಾಕಬೇಕು ಎಂದ. ಕಲ್ಲಯ್ಯನವರ ಕಾಲು ಮುಟ್ಟಲು ಬಗ್ಗಿದ. ಅವರು ಅವನ ಎರಡೂ ರಟ್ಟೆ ಹಿಡಿದು ನಿಲ್ಲಿಸಿದರು, ಏನೋ ಹೇಳಬೇಕೆಂದು ಬಾಯಿ ತೆರೆದರು.

"ಏನ್ರಿ, ನೀರು ಬಂತು! ಲಗೂ ಬರ್ರಿ, ಅರ್ಧಾ ತಾಸಿಗೆ ನಿಂತ ಹೋಗ್ತೈತಿ" ಎಂದು ಒಳಗಿನಿಂದ ಶಿವಲಿಂಗವ್ವ ಕೂಗಿದಳು.

ಕಲ್ಲಯ್ಯನವರು ಧೋತರ ಮೇಲಕ್ಕೆ ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆದರು. ನಳಕ್ಕೆ ಬಿಳಿ ಅರಿವೆ ಕಟ್ಟಿ, ಕೊಡವನ್ನು ತೊಳೆದು ಕೆಳಗಿಟ್ಟರು. ಅದು ತುಂಬಿದ ಮೇಲೆ ಎತ್ತಿ ಹಂಡೆಗೆ ಸುರುವಿ, ಇನ್ನೊಂದನ್ನು ಇಟ್ಟರು.